ಡಾಂಬರು ರಸ್ತೆಗೆ ಪ್ಲಾಸ್ಟಿಕ್ ಕಸ ಬೆರೆಸುವ ಬಗೆ

ನಾನು ಡಾಂಬರು ಮಿಶ್ರಣದ ಪ್ಲಾಂಟಿನಲ್ಲಿ ಮೇಲ್ವಿಚಾರಕ. ಮದುರೈನ ತ್ಯಾಗರಾಜರ್ ಇಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕ ಆರ್. ವಾಸುದೇವನ್ ರೂಪಿಸಿದ, ಪ್ಲಾಸ್ಟಿಕ್ ಚೂರನ್ನು ಕಾದ ಜಲ್ಲಿಗೆ ಸೇರಿಸುವ ಒಣ ವಿಧಾನವನ್ನೇ ನಾವು ಅನುಸರಿಸುತ್ತೇವೆ. ಅದಕ್ಕೆ ದುಬಾರಿ ಯಂತ್ರ ಬೇಡ, ಶಿಸ್ತು ಬೇಕು.

ಆ ಶಿಸ್ತು ಕಸ ಆರಿಸುವಲ್ಲಿಂದಲೇ ಶುರು. ಹಾಲಿನ ಕವರ್, ಕೈಚೀಲಗಳು ಆಗುತ್ತವೆ. ಪಿವಿಸಿ ಪೈಪಿನ ತುಂಡು, ಫ್ಲೆಕ್ಸ್ ಬ್ಯಾನರ್ ಮಾತ್ರ ಒಂದೂ ನುಸುಳಕೂಡದು. ಕಾದಾಗ ಅವು ಬಿಡುವ ಹೈಡ್ರೋಜನ್ ಕ್ಲೋರೈಡ್ ಅನಿಲವನ್ನು ಉಸಿರಾಡುವವರು ಅಲ್ಲಿ ನಿಂತು ದುಡಿಯುವ ನಮ್ಮ ಕಾರ್ಮಿಕರು. ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಆರಿಸಿದ್ದನ್ನು ತೊಳೆದು ಚೆನ್ನಾಗಿ ಒಣಗಿಸಿ. ಹಾಲಿನ ಕವರಿನ ಮೂಲೆಯಲ್ಲಿ ನೀರು ನಿಂತಿರುತ್ತದೆ; ಕತ್ತರಿಸಿ, ಬಿಡಿಸಿ ಹರಡಿ. ನಂತರ 2.36 ಮಿ.ಮೀ. ಜರಡಿಯಲ್ಲಿ ಇಳಿಯುವಷ್ಟು ಸಣ್ಣಗೆ ಚೂರು ಮಾಡಿಸಿ. ಪ್ರಮಾಣ, ಡಾಂಬರಿನ ತೂಕದ ಶೇ. 6ರಿಂದ 8.

ಚೂರು ಸೇರಬೇಕಾದದ್ದು ಡಾಂಬರಿಗಲ್ಲ, 160–170 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಜಲ್ಲಿಗೆ. ಒಂದು ನಿಮಿಷದೊಳಗೆ ಅದು ಕರಗಿ ಕಲ್ಲನ್ನು ಆವರಿಸುತ್ತದೆ. ಸಲಿಕೆಯಲ್ಲಿ ಸ್ವಲ್ಪ ತೆಗೆಸಿ ನೋಡಿ: ಪ್ರತಿ ಕಲ್ಲೂ ಎಣ್ಣೆ ಸವರಿದಂತೆ ಮಿನುಗಬೇಕು, ಬಿಡಿ ಚೂರು ಕಾಣಬಾರದು. ಈ ಪದರವೇ ಮುಂದೆ ಕಲ್ಲಿಗೂ ಡಾಂಬರಿಗೂ ನಡುವೆ ಮಳೆನೀರು ಇಳಿಯದಂತೆ ತಡೆಯುತ್ತದೆ. ಹೊಗೆ ಎದ್ದರೆ ಕಾವು ಮಿತಿ ಮೀರಿದೆ ಎಂದರ್ಥ. ತಕ್ಷಣ ಉರಿ ತಗ್ಗಿಸಿ.

ಇನ್ನು ಬಿಸಿ ಡಾಂಬರು ಬೆರೆಸುವುದು ಎಂದಿನಂತೆಯೇ. ಲಾರಿಗೆ ಟಾರ್ಪಾಲು ಹೊದಿಸಿ ಕಳಿಸಿ; ಮಿಶ್ರಣ ಆರುವ ಮೊದಲೇ ಹರಡಿ ರೋಲರ್ ಓಡಿಸಿ.