‘ಗೆಟ್’ ಬಳಸುವುದು ಹೇಗೆ? ಮುಂದಿನ ಪದ ನೋಡಿ

ಇಂಗ್ಲಿಷಿನ ‘ಗೆಟ್’ ಕ್ರಿಯಾಪದಕ್ಕೆ ನಿಘಂಟು ಹತ್ತಾರು ಅರ್ಥ ಕೊಡುತ್ತದೆ. ಅಷ್ಟನ್ನೂ ಬಾಯಿಪಾಠ ಮಾಡಬೇಕಿಲ್ಲ. ‘ಗೆಟ್’ ಆದಮೇಲೆ ಎಂಥ ಪದ ಬಂದಿದೆ ಎಂದು ನೋಡಿದರೆ ಅರ್ಥ ಬಹುಪಾಲು ತಾನಾಗಿಯೇ ಹೊಳೆಯುತ್ತದೆ.

ಮೊದಲು ನಾಮಪದ. ‘ನನಗೆ ಪತ್ರ ಬಂತು’ ಎಂಬಲ್ಲಿ ಪತ್ರವೇ ಕರ್ತೃ. ಇಂಗ್ಲಿಷಿನಲ್ಲಿ ಆ ಜಾಗ ‘ಐ’ಗೆ: ‘ಐ ಗಾಟ್ ಎ ಲೆಟರ್’. ‘ನನಗೆ ಸಿಕ್ಕಿತು’, ‘ನನಗೆ ಬಂತು’ ಎಂದು ಮನಸ್ಸಿಗೆ ಬಂದಾಗ ವಾಕ್ಯವನ್ನು ‘ಐ’ನಿಂದ ಶುರುಮಾಡಿ. ಕೆಲಸ ಸಿಕ್ಕರೂ ಅಷ್ಟೇ, ನೆಗಡಿಯಾದರೂ ಅಷ್ಟೇ.

ಗುಣವಾಚಕ ಬಂದರೆ ‘ಆಗು’ ಎಂಬ ಅರ್ಥ. ‘ಇಟ್ ಈಸ್ ಗೆಟಿಂಗ್ ಡಾರ್ಕ್’ ಎಂದರೆ ಕತ್ತಲಾಗುತ್ತಿದೆ. ‘ಕೋಪ ಬಂತು’ ಎಂಬುದನ್ನು ನೆನೆದು ‘ಶಿ ಗಾಟ್ ಆಂಗರ್’ ಎನ್ನಬೇಡಿ, ‘ಆಂಗ್ರಿ’ ಬೇಕು.

ಸ್ಥಳ ಬಂದರೆ ‘ತಲುಪು’: ‘ಗೆಟ್ ಟು ದ ಸ್ಟೇಷನ್’. ಆದರೆ ಹೋಮ್, ಹಿಯರ್, ದೇರ್ ಮುಂತಾದವಕ್ಕೆ ‘ಟು’ ಬೇಡ.

ಹೆಚ್ಚು ಎಡವುವುದು ಮುಂದಿನ ಹಂತದಲ್ಲಿ. ‘ಐ ಕಟ್ ಮೈ ಹೇರ್’ ಎಂದರೆ ಕತ್ತರಿ ನಿಮ್ಮ ಕೈಯಲ್ಲೇ ಇತ್ತು ಎಂದಾಗುತ್ತದೆ. ಬೇರೆಯವರಿಂದ ಕತ್ತರಿಸಿಕೊಂಡಿದ್ದರೆ ‘ಐ ಗಾಟ್ ಮೈ ಹೇರ್ ಕಟ್’. ಹೊಲಿಸು, ಬರೆಸು, ಮಾಡಿಸು ಎಂದು ಕನ್ನಡ ‘ಇಸು’ ಸೇರಿಸಿ ಹೇಳುವುದನ್ನು ಇಂಗ್ಲಿಷ್ ಪದಗಳ ಕ್ರಮದಿಂದಲೇ ಸಾಧಿಸುತ್ತದೆ: ‘ಗೆಟ್’, ವಸ್ತು, ಆಮೇಲೆ ಕ್ರಿಯಾಪದದ ಮೂರನೇ ರೂಪ. ಕ್ರಮ ತಪ್ಪಿ ‘ಐ ಗಾಟ್ ರಿಪೇರ್ಡ್ ಮೈ ಫೋನ್’ ಎಂದರೆ ವಾಕ್ಯವೇ ಕೆಡುತ್ತದೆ. ‘ಮೈ ಫೋನ್ ರಿಪೇರ್ಡ್’ ಎನ್ನಿ. ಯಾರಿಂದ ಮಾಡಿಸಿದಿರಿ ಎಂದೂ ಹೇಳಬೇಕಾದರೆ ‘ಐ ಗಾಟ್ ಹಿಮ್ ಟು ರಿಪೇರ್ ಇಟ್’. ಇಲ್ಲಿ ‘ಟು’ ಬಿಡುವಂತಿಲ್ಲ. ‘ಐ ಮೇಡ್ ಹಿಮ್ ರಿಪೇರ್ ಇಟ್’ನಲ್ಲಿ ಅದು ಇರುವುದಿಲ್ಲ, ಅರ್ಥವೂ ಬೇರೆ: ‘ಗೆಟ್’ನಲ್ಲಿ ಹೇಳಿ ಒಪ್ಪಿಸಿದ ಛಾಯೆ, ‘ಮೇಕ್’ನಲ್ಲಿ ಒತ್ತಾಯದ್ದು.

ವಾಹನಗಳಿಗೆ ಒಂದು ಸುಲಭ ಗುರುತು. ಒಳಗೆ ಎದ್ದು ನಡೆದಾಡಬಹುದಾದ ಬಸ್ಸು, ರೈಲು, ವಿಮಾನಕ್ಕೆ ‘ಗೆಟ್ ಆನ್’, ‘ಗೆಟ್ ಆಫ್’. ಕಾರಿಗೆ ‘ಗೆಟ್ ಇನ್’, ‘ಗೆಟ್ ಔಟ್’. ಮೇಲೆ ಹತ್ತಿ ಕೂರುವ ಸೈಕಲ್ಲಿಗೂ ‘ಆನ್’, ‘ಆಫ್’. ಬಸ್ಸಿನಿಂದ ಇಳಿಯಲು ‘ಗೆಟ್ ಡೌನ್’ ಎನ್ನುವುದು ಭಾರತದ ರೂಢಿ. ಹೊರಗಿನವರಿಗೆ ‘ಗೆಟ್ ಆಫ್’ ಎಂದರೇ ಸಹಜ.

ಇನ್ನು ‘ಗಾಟನ್’. ಅಮೆರಿಕನ್ನರು ಇದನ್ನು ಮೂರನೇ ರೂಪವಾಗಿ ಬಳಸುತ್ತಾರೆ, ಬ್ರಿಟಿಷರಲ್ಲಿ ‘ಗಾಟ್’ ಸಾಮಾನ್ಯ. ಆದರೆ ‘ನನ್ನ ಬಳಿ ಇದೆ’ ಎನ್ನಲು ಅಮೆರಿಕನ್ನರೂ ‘ಐ ಹ್ಯಾವ್ ಗಾಟ್’ ಎಂದೇ ಅನ್ನುತ್ತಾರೆ. ಕಚೇರಿಯ ಪತ್ರದಲ್ಲಿ ಮಾತ್ರ ‘ಗಾಟ್ ಯುವರ್ ಲೆಟರ್’ ತೀರಾ ಸಲುಗೆಯ ಮಾತಾಗುತ್ತದೆ; ‘ರಿಸೀವ್ಡ್’ ಬರೆಯಿರಿ.