ಗಂಡ-ಹೆಂಡತಿ ಒಂದೇ ದಿನ ಆರೋಗ್ಯ ತಪಾಸಣೆ ಮಾಡಿಸಿಕೊಳ್ಳುವ ಬಗೆ

ನಮ್ಮ ಕಲಬುರಗಿ ಕಡೆಯ ಮನೆಗಳಲ್ಲಿ ಯಜಮಾನನಿಗೆ ಬಿಪಿ ಇದೆಯೆಂದು ಗೊತ್ತಾದರೆ ಪ್ರತಿ ತಿಂಗಳು ಅವನ ಫೈಲು ಹಿಡಿದು ಆಸ್ಪತ್ರೆಗೆ ಜೊತೆಯಾಗಿ ಹೋಗುವವಳು ಹೆಂಡತಿ. ಆದರೆ ಅವಳ ತೋಳಿಗೆ ಬಿಪಿ ಪಟ್ಟಿ ಸುತ್ತಿದ್ದು ಕೊನೆಯ ಹೆರಿಗೆಯ ಕಾಲಕ್ಕೇ ಇರುತ್ತದೆ. ಹೃದ್ರೋಗವು ಗಂಡಸರ ಕಾಯಿಲೆ ಎಂಬ ತಿಳಿವಳಿಕೆ ತಪ್ಪು. ಈ ದೇಶದಲ್ಲಿ ಗಂಡಸರನ್ನೂ ಹೆಂಗಸರನ್ನೂ ಅತಿ ಹೆಚ್ಚು ಬಲಿ ತೆಗೆದುಕೊಳ್ಳುವುದು ಹೃದಯ ಮತ್ತು ರಕ್ತನಾಳಗಳ ಕಾಯಿಲೆಗಳೇ. ಮುಟ್ಟು ನಿಂತ ಮೇಲಂತೂ ಹೆಂಗಸರಲ್ಲಿ ಅದರ ಅಪಾಯ ಬೇಗ ಏರುತ್ತದೆ. ಆದ್ದರಿಂದ ಮೂವತ್ತು ದಾಟಿದ ದಂಪತಿ ಒಂದೇ ದಿನ, ಒಟ್ಟಿಗೆ ಹೋಗಿ ತೋರಿಸಿಕೊಳ್ಳಬೇಕು.

ಮೊದಲು ಹೋಗಬೇಕಾದದ್ದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. 30 ವರ್ಷ ಮೇಲ್ಪಟ್ಟವರಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬಾಯಿಯ ಕ್ಯಾನ್ಸರ್, ಹೆಂಗಸರಿಗೆ ಸ್ತನ ಹಾಗೂ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯನ್ನು ಸರ್ಕಾರ ಉಚಿತವಾಗಿ ಮಾಡಿಸುತ್ತದೆ. ಯಾವ ದಿನ ಯಾವ ತಪಾಸಣೆ ಇರುತ್ತದೆ ಎಂಬುದನ್ನು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡೇ ಹೊರಡಿರಿ. ಎಂಟು ಗಂಟೆ ಏನೂ ತಿನ್ನದೆ, ಬರೀ ನೀರು ಕುಡಿದು ಬೆಳಿಗ್ಗೆಯೇ ಹೋಗಿರಿ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲು ಮನೆಗೆ ಮರಳಲು ಇದೇ ಅನುಕೂಲ. ರಕ್ತ ಕೊಟ್ಟ ಮೇಲೆ ತಿನ್ನಲು ಎರಡು ರೊಟ್ಟಿ ಕಟ್ಟಿಕೊಂಡಿರಿ. ಈಗ ನುಂಗುತ್ತಿರುವ ಮಾತ್ರೆಗಳ ಚೀಟಿಯ ಜೊತೆಗೆ ಹಳೆಯ ತಾಯಿ ಕಾರ್ಡ್ ಸಿಕ್ಕರೆ ಅದನ್ನೂ ಒಯ್ಯಿರಿ. ಬಸುರಿಯಿದ್ದಾಗ ಬಿಪಿ ಅಥವಾ ಶುಗರ್ ಏರಿದ್ದವರಿಗೆ ಮುಂದೆ ಅವೇ ಕಾಯಿಲೆಗಳು ಬರುವ ಸಂಭವ ಹೆಚ್ಚು. ಇದನ್ನು ವೈದ್ಯರಿಗೆ ನೀವಾಗಿಯೇ ಹೇಳಬೇಕು.

ಬಿಪಿ ನೋಡಿಸುವ ರೀತಿಯಲ್ಲೇ ಅನೇಕ ತಪ್ಪುಗಳಾಗುತ್ತವೆ. ಬಸ್ಸಿನಿಂದಿಳಿದು ಅವಸರದಲ್ಲಿ ಬಂದವರು ಕೂತ ಕೂಡಲೇ ತೋಳು ಚಾಚಿದರೆ ಅಂಕಿ ಹೆಚ್ಚೇ ಬರುತ್ತದೆ. ಐದು ನಿಮಿಷ ಸುಮ್ಮನೆ ಕೂಡಿರಿ. ಬೆನ್ನಿಗೆ ಆಸರೆಯಿರಲಿ, ಎರಡೂ ಪಾದ ನೆಲದ ಮೇಲಿರಲಿ, ಕಾಲ ಮೇಲೆ ಕಾಲು ಬೇಡ. ಅಂಗಿಯ ಅಥವಾ ಕುಪ್ಪಸದ ತೋಳಿನ ಮೇಲೆ ಪಟ್ಟಿ ಕಟ್ಟಿಸಿಕೊಳ್ಳದೆ ಬರಿತೋಳಿಗೇ ಕಟ್ಟಿಸಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಮಾತಾಡದೆ ಇರಿ. ಅರ್ಧ ಗಂಟೆ ಮೊದಲಿನಿಂದ ಚಹಾ, ಬೀಡಿ, ತಂಬಾಕು ಮುಟ್ಟಬಾರದು. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಚಿಕಿತ್ಸೆ ಬೇಕೇ ಬೇಕು. ತಲೆನೋವಿಲ್ಲ, ತಲೆ ಸುತ್ತುವುದಿಲ್ಲ ಎಂದು ಮಾತ್ರೆ ಬಿಡುವವರೇ ಮುಂದೆ ಲಕ್ವ ಹೊಡೆದು ಹಾಸಿಗೆ ಹಿಡಿಯುವುದನ್ನು ನಾನು ಕಂಡಿದ್ದೇನೆ.

ಖಾಲಿ ಹೊಟ್ಟೆಯ ಸಕ್ಕರೆ 100ರ ಒಳಗಿದ್ದರೆ ಸರಿ. 126 ಮುಟ್ಟಿದರೆ ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಊಟದ ವಿಷಯದಲ್ಲಿ ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ ಒಳ್ಳೆಯವೇ. ಪಕ್ಕಕ್ಕೆ ಬರುವ ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿ ಭಜಿ ಕಡಿಮೆಯಾಗಬೇಕು. ದಿನಕ್ಕೆ ಒಬ್ಬರಿಗೆ ಒಂದು ಚಹಾ ಚಮಚದಷ್ಟು, ಅಂದರೆ 5 ಗ್ರಾಂ ಉಪ್ಪು ಸಾಕು.

ಬಾಯಿಯನ್ನು ಮನೆಯಲ್ಲೇ ಕನ್ನಡಿಯ ಮುಂದೆ ನೋಡಿಕೊಳ್ಳಬಹುದು. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಡಿರಿ. ಹಿಡಿಸದಿದ್ದರೆ, ಕೆನ್ನೆಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆಯಿದ್ದರೆ, ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ತಡಮಾಡದೆ ತೋರಿಸಿ. ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾದರೂ ಪಾನ್ ಮಸಾಲದ ಜೊತೆಗೆ ತಂಬಾಕನ್ನು ಬೇರೆ ಚೀಟಿಯಲ್ಲಿ ಕೊಂಡು ಕಲಸಿ ಹಾಕುವವರಿದ್ದಾರೆ. ಹುರಿದ ತಂಬಾಕಿನ ಪುಡಿಯಿಂದ ಹಲ್ಲುಜ್ಜುವ ಹೆಂಗಸರಿಗೂ ಅದೇ ಅಪಾಯ.

ಹೆಂಗಸರು ಸಂಕೋಚದಿಂದ ಮುಂದೂಡುವುದು ಗರ್ಭಕೊರಳಿನ ಪರೀಕ್ಷೆಯನ್ನು. ಅಲ್ಲಿ ತಿಳಿ ಅಸಿಟಿಕ್ ಆಮ್ಲ ಸವರಿ, ಒಂದು ನಿಮಿಷ ಬಿಟ್ಟು, ಬಿಳಿ ಮಚ್ಚೆ ಮೂಡುತ್ತದೆಯೇ ಎಂದು ನೋಡುತ್ತಾರೆ, ಅಷ್ಟೇ. ಐದು ವರ್ಷಕ್ಕೊಮ್ಮೆ ಸಾಕು. ಸ್ತನದಲ್ಲಿ ನೋವಿಲ್ಲದ ಗಂಟು ಕೈಗೆ ಸಿಕ್ಕರೆ ನೋಯುವವರೆಗೆ ಕಾಯಬೇಡಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದು ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ಚಹಾದ ಜೊತೆ ನುಂಗದೆ ನಿಂಬೆರಸದ ಜೊತೆ ನುಂಗಿರಿ. ಗಂಡಸರಲ್ಲಿ ಸಾಲದ ಚಿಂತೆ, ಕುಡಿತ, ಸಾಯುವ ಮಾತು ಕಂಡರೆ ಅದೂ ಕಾಯಿಲೆಯೇ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಹೃದಯಾಘಾತದ ದಿನಕ್ಕೆ ಮೊದಲೇ ಸಿದ್ಧತೆ ಬೇಕು. ನಮ್ಮ ಸೋದರತ್ತೆ ಒಂದು ಸಂಜೆ ಬೆವರುತ್ತ, ಬೆನ್ನು ಮತ್ತು ದವಡೆ ಹಿಡಿದುಕೊಂಡು, "ಗ್ಯಾಸ್ ಹಿಡದದ, ಸೋಡಾ ಕುಡದ್ರ ಹೋಗ್ತದ" ಎಂದು ರಾತ್ರಿಯೆಲ್ಲ ಕಳೆದರು. ಬೆಳಿಗ್ಗೆ ಇಸಿಜಿ ತೆಗೆಯುವ ಹೊತ್ತಿಗೆ ಹೃದಯದ ಒಂದು ಭಾಗ ಹೋಗಿಬಿಟ್ಟಿತ್ತು. ಹೆಂಗಸರಲ್ಲಿ ಎದೆನೋವಿನ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ಏದುಸಿರು, ವಾಕರಿಕೆ, ದವಡೆ-ಬೆನ್ನು ನೋವು, ವಿಪರೀತ ಸುಸ್ತು ಕಾಣಿಸಿಕೊಳ್ಳಬಹುದು. ಆಗ 108ಕ್ಕೆ ಕರೆ ಮಾಡಿ, ಬೈಕಿನ ಹಿಂದೆ ಕೂರಿಸಿಕೊಂಡು ಹೋಗಬೇಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೃದ್ರೋಗ ತಜ್ಞರಿಗೆ ಕಳಿಸಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಮುಂದಿನ ಚಿಕಿತ್ಸೆಗೆ ಕಲಬುರಗಿಯಲ್ಲಿ ಜಯದೇವ ಆಸ್ಪತ್ರೆಯಿದೆ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ ಎಂದು ತಪಾಸಣೆಗೆ ಹೋದ ದಿನವೇ ಕೇಳಿಕೊಂಡು, ಇಬ್ಬರ ಮಾತ್ರೆಗಳ ಹೆಸರು, ಕೊನೆಯ ಬಿಪಿ, ಶುಗರ್ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿರಿ.