ಅಂತಿಗೊನೆ ನಮ್ಮ ಕಲ್ಲುಗಣಿಗೆ ಬಂದದ್ದು: ನನ್ನ ಅನುಭವ

ಸಾವನ್ನು ತೋರಿಸದೆ ದುರಂತ ಸಿನಿಮಾ ಮಾಡಲಾಗದು ಎಂದು ನನ್ನ ಜೊತೆಯವರು ಎರಡು ವರ್ಷ ವಾದಿಸಿದರು. ಸೋಫೋಕ್ಲಿಸ್‌ನ ಗ್ರೀಕ್ ನಾಟಕ ‘ಅಂತಿಗೊನೆ’ಯಲ್ಲಿ, ಹೂಳಬಾರದೆಂದು ದೊರೆ ಕ್ರಿಯಾನ್ ಆಜ್ಞೆ ಮಾಡಿದ ಅಣ್ಣನ ಹೆಣಕ್ಕೆ ಅಂತಿಗೊನೆ ಮಣ್ಣು ಹಾಕುತ್ತಾಳೆ, ಅದಕ್ಕಾಗಿ ಅವಳನ್ನು ಗವಿಯಲ್ಲಿ ಜೀವಂತ ಮುಚ್ಚುತ್ತಾರೆ. ಕಡೆಗೆ ಮೂವರು ಸಾಯುತ್ತಾರೆ, ಒಬ್ಬರೂ ಪ್ರೇಕ್ಷಕರ ಕಣ್ಣೆದುರು ಸಾಯುವುದಿಲ್ಲ, ದೂತ ಬಂದು ಹೇಳುತ್ತಾನೆ. ಆ ಕಟ್ಟನ್ನು ಮುರಿಯದೆ, ಕಥೆಯನ್ನು ಇಂದಿನ ಕಲಬುರಗಿ ಜಿಲ್ಲೆಗೆ ತಂದು ನಾನು ಚಿತ್ರ ಮುಗಿಸಿದ್ದೇನೆ.

ಕಥೆ ಇಲ್ಲಿ ಬೇರು ಬಿಟ್ಟದ್ದು ಒಂದೇ ಮಾತಿನಿಂದ. ಹೂಳುವಾಗ ಒಬ್ಬೊಬ್ಬರೂ ಹಿಡಿಮಣ್ಣು ಹಾಕುವುದಕ್ಕೆ ನಮ್ಮ ಕಡೆ ‘ಮಣ್ಣು ಕೊಡುವುದು’ ಎನ್ನುತ್ತೇವೆ, ಅಂತಿಗೊನೆ ಮಾಡುವುದೂ ಅದನ್ನೇ. ‘ನಮ್ಮಣ್ಣಗ ನಾ ಮಣ್ಣ ಕೊಡಬಾರ್ದೇನು?’ ಎಂಬ ಸಾಲು ಹೊಳೆದ ರಾತ್ರಿ ಅದುವರೆಗೆ ಬರೆದಿದ್ದ ಎಪ್ಪತ್ತು ಪುಟಗಳಲ್ಲಿ ಅರ್ಧವನ್ನು ತೆಗೆದುಹಾಕಿದೆ. ಕ್ರಿಯಾನ್ ಅವಳಿಗೆ ಸೋದರಮಾವ, ಅವನ ಮಗನೊಂದಿಗೇ ಅವಳ ಮದುವೆ ನಿಶ್ಚಯವಾಗಿರುತ್ತದೆ; ಬೇರೆಡೆ ವಿವರಣೆ ಬೇಡುವ ಈ ಸಂಬಂಧ ನಮ್ಮ ಮನೆಗಳಲ್ಲಿ ನಿತ್ಯದ್ದು. ಅವನನ್ನು ಶಹಾಬಾದ್ ಕಲ್ಲಿನ ಗಣಿಯ ಮಾಲೀಕನನ್ನಾಗಿ ಮಾಡಿದೆ. ಅವಳನ್ನು ಜೀವಂತ ಮುಚ್ಚುವ ಗವಿಗೆ ಪಾಳುಬಿದ್ದ ಗಣಿಯೊಂದು ಸಿಕ್ಕಿತು.

ಸೋತದ್ದು ಮೇಳದ, ಅಂದರೆ ನಾಟಕದ ನಡುನಡುವೆ ಹಾಡುತ್ತ ಕಥೆಗೆ ಸ್ಪಂದಿಸುವ ಊರ ಹಿರಿಯರ ಗುಂಪಿನ ವಿಷಯದಲ್ಲಿ. ಆಧುನಿಕವಾಗಿರಲೆಂದು ಮೊದಲು ಮೇಳವನ್ನು ಟಿ.ವಿ. ಚರ್ಚೆಯಾಗಿಸಿ ಮೂರು ದಿನ ಚಿತ್ರೀಕರಿಸಿದೆ. ಅರವತ್ತು ಸಾವಿರದಷ್ಟು ಹೋಯಿತು, ಒಂದು ನಿಮಿಷವೂ ಉಳಿಯಲಿಲ್ಲ. ಚರ್ಚೆಯವರು ತೀರ್ಪು ಕೊಡಲು ಕೂತಿರುತ್ತಾರೆ, ಮೇಳವಾದರೋ ದೊರೆಗೆ ಹೆದರುತ್ತಲೇ ಹುಡುಗಿಗಾಗಿ ಮರುಗಬೇಕು. ಕಡೆಗೆ ತತ್ವಪದ ಹಾಡುವ ಐವರನ್ನು ಏಕತಾರಿ, ದಮ್ಮಡಿಗಳೊಂದಿಗೆ ಬೇವಿನ ಕಟ್ಟೆಗೆ ಕೂರಿಸಿದೆ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ನಾಡಿನಲ್ಲಿದ್ದುಕೊಂಡು ಇದು ಮೊದಲೇ ತೋಚದಿದ್ದುದಕ್ಕೆ ಇಂದಿಗೂ ಬೇಸರವಿದೆ. ಮೂಲದ ಹದಿನೈದು ಜನರ ಮೇಳವನ್ನೂ ಒಮ್ಮೆ ಕೂರಿಸಿ ನೋಡಿದೆ, ಜಾತ್ರೆಯಂತೆ ಕಂಡಿತು.

ಮಣ್ಣು ನನ್ನನ್ನು ಇನ್ನೂ ಕಾಡಿತು. ನಮ್ಮ ಎರೆಮಣ್ಣು ಹೆಂಟೆಯಾಗಿ ಬೀಳುತ್ತದೆ, ಕ್ಯಾಮೆರಾದಲ್ಲಿ ಹುಡಿ ಕಾಣುವುದೇ ಇಲ್ಲ. ಗಣಿಯ ಬಿಳಿ ಕಲ್ಲುಪುಡಿ ಚೆನ್ನಾಗಿ ಕಂಡಿತು, ಆದರೆ ನಟಿ ಅದನ್ನು ಕೈಗೆತ್ತಿಕೊಂಡು, ‘ಇದು ಮಣ್ಣಲ್ರೀ’ ಎಂದು ಕೆಳಗೆ ಸುರಿದಳು. ಅವಳೇ ಸರಿ. ಎರೆಮಣ್ಣನ್ನೇ ಎರಡು ಸಲ ಜರಡಿ ಹಿಡಿದು, ಬೆಳಗಿನ ಎದುರು ಬಿಸಿಲಿನಲ್ಲಿ, ಬಿಳಿ ಬಟ್ಟೆಯ ಮೇಲೆ ಉದುರಿಸಿದೆವು. ಅದಕ್ಕೆ ಇನ್ನೊಂದನ್ನು ಬೆರೆಸಿದ್ದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಅವಳ ಬೆರಳ ಸಂದಿನಿಂದ ಇಳಿದ ಮಣ್ಣು ಗಾಳಿಯಲ್ಲಿ ಒಂದು ಗಳಿಗೆ ನಿಂತು, ಆಮೇಲೆ ಮುಖದ ಮೇಲಿನ ಬಟ್ಟೆಗೆ ಕೂತಿತು.

ಎರಡನೆಯ ಸಲ ಅವಳು ಮಣ್ಣು ಕೊಡುವುದು ನಡುಮಧ್ಯಾಹ್ನದ ಸುಳಿಗಾಳಿಯ ಬೆನ್ನಿಗೆ. ಇದು ಮೂಲದಲ್ಲೇ ಇದೆ. ಬಾಡಿಗೆಯ ದೊಡ್ಡ ಫ್ಯಾನ್ ಹೊಟ್ಟು ತೂರಿದಂತೆ ತೂರಿತು, ಸುಳಿ ಏಳಲಿಲ್ಲ. ಏಪ್ರಿಲ್‌ನ ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ, ತೊಗರಿ ಕಿತ್ತ ಹೊಲದಲ್ಲಿ, ಕ್ಯಾಮೆರಾಗೆ ಒದ್ದೆ ಗೋಣಿ ಹೊದಿಸಿ ನಾಲ್ಕು ದಿನ ಕಾದೆವು. ಐದನೆಯ ದಿನ ಎರಡು ಗಂಟೆಯ ಹೊತ್ತಿಗೆ ನಿಜವಾದ ಸುಳಿಯೇ ಬಂತು, ಇಪ್ಪತ್ತು ಸೆಕೆಂಡಿನಷ್ಟು ಸಿಕ್ಕಿತು. ಆ ಕಾಯುವಿಕೆಗೆ ಒಂದೂವರೆ ಲಕ್ಷ ಬಿತ್ತು. ಎಂಟು ಲಕ್ಷದ ಅಂದಾಜು ಹೀಗೆ ಹದಿಮೂರರ ಹತ್ತಿರ ಹೋಗಿ, ಎರಡು ವರ್ಷದ ತೊಗರಿ ದುಡ್ಡು ಇದರಲ್ಲಿ ಕರಗಿತು.

ದೂತನನ್ನು ಕಲ್ಲು ಕೊಯ್ಯುವ ಕೂಲಿಯವನಾಗಿಸಿ, ಒಂಬತ್ತು ನಿಮಿಷ ಕಡಿತವಿಲ್ಲದೆ ಅವನ ಮುಖವೊಂದನ್ನೇ ಹಿಡಿದೆ. ಪಕ್ಕದ ಗಣಿಯ ಯಂತ್ರದ ಸದ್ದಿನಿಂದ ಏಳು ಟೇಕ್ ಹಾಳಾದವು, ನಟನ ಅಳುವಿನಿಂದ ಮೂರು. ಅತ್ತರೆ ಸುದ್ದಿ ತಲುಪುವುದಿಲ್ಲ. ಹನ್ನೊಂದನೆಯದರಲ್ಲಿ ಅವನು ಹೇಳುತ್ತ ಹೇಳುತ್ತ ಅಂಗೈಗೆ ಮೆತ್ತಿದ ಕಲ್ಲುಪುಡಿಯನ್ನು ಪಂಚೆಗೆ ಒರೆಸಿಕೊಳ್ಳತೊಡಗಿದ, ಕಡೆಯವರೆಗೂ ಒರೆಸಿಕೊಂಡೇ ಇದ್ದ. ಅದನ್ನೇ ಇಟ್ಟುಕೊಂಡೆ.

ಕಲಬುರಗಿಯಲ್ಲಿ ಮೊದಲ ಪ್ರದರ್ಶನದ ದಿನ ಆ ಒಂಬತ್ತು ನಿಮಿಷ ನಾನು ಹಿಂದೆ ನಿಂತು ತಲೆಗಳನ್ನೇ ಎಣಿಸುತ್ತಿದ್ದೆ, ಒಬ್ಬರೂ ಎದ್ದು ಹೋಗಲಿಲ್ಲ. ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದ್ದ ಗೆಳೆಯ ಹೊರಗೆ ಬಂದು, ಗಣಿಯ ತಳದಲ್ಲಿ ಅವಳು ಸತ್ತಿದ್ದ ದೃಶ್ಯಕ್ಕೆ ಲೈಟು ಹೇಗೆ ಇಳಿಸಿದೆ ಎಂದು ಕೇಳಿದ. ಕ್ಯಾಮೆರಾ ಗಣಿಯೊಳಗೆ ಇಳಿದೇ ಇರಲಿಲ್ಲ.